ಮಾತು ಕಲಿಸುವ ಹೊಣೆ ಯಾರದು?

ನಮ್ಮ ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ಬಿಸಿಲ ಹೊತ್ತಿನಲ್ಲಿ ಮನೆಗೆ ಬಂದವರಿಗೆ ಮೊದಲು ಕೊಡುವುದು ಒಂದು ತಂಬಿಗೆ ನೀರು. ಆಮೇಲೆ ಚಹಾ. ಊಟದ ಹೊತ್ತಾಗಿದ್ದರೆ ರೊಟ್ಟಿ, ಪಲ್ಯ. ಇಷ್ಟನ್ನೂ ಮಾಡದ ಮನೆಯನ್ನು ಜನ ಒಳ್ಳೆಯ ಮನೆ ಎನ್ನುವುದಿಲ್ಲ. ಆದರೆ ಬಂದವರಿಗೆ ನಮ್ಮ ಮಾತೇ ಬಾರದಿದ್ದರೆ? ಒಂದು ದಿನದ ಮಟ್ಟಿಗೆ ಕೈಸನ್ನೆ ಸಾಕು. ಒಂದು ವರ್ಷ ಇರಲೆಂದು ಬಂದವರಾದರೆ? ಓದಲು ಬಂದವರಾದರೆ? ದುಡಿಯಲು ಬಂದವರಾದರೆ? ಅವರಿಗೆ ಮಾತು ಕಲಿಸುವುದೂ ಆತಿಥ್ಯದ ಒಂದು ಭಾಗವೇ, ಅಥವಾ ಬಂದವರು ತಾವೇ ಹೇಗಾದರೂ ಕಲಿತುಕೊಳ್ಳಲಿ ಎಂದು ಬಿಟ್ಟುಬಿಡಬಹುದೇ? ಮೇಲುನೋಟಕ್ಕೆ ಇದು ಶಾಲಾ ಮೇಷ್ಟ್ರುಗಳ ಪ್ರಶ್ನೆಯಂತೆ ಕಾಣುತ್ತದೆ. ಆಳಕ್ಕೆ ಇಳಿದರೆ ಇದು ನ್ಯಾಯದ ಪ್ರಶ್ನೆ.

ಈ ಪ್ರಶ್ನೆಯನ್ನು ನಮ್ಮ ಮುಂದೆ ತಂದಿಟ್ಟಿರುವುದು ದೂರದ ಜಪಾನ್. ಕರ್ನಾಟಕಕ್ಕೆ ಆ ದೇಶ ಹೊಸತಲ್ಲ. ವಿಶ್ವೇಶ್ವರಯ್ಯನವರು 1898ರಲ್ಲೇ ಅಲ್ಲಿಗೆ ಹೋಗಿ ಬಂದಿದ್ದರು. 1997ರಲ್ಲಿ ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಂಪನಿ ಬಂತು. 2007ರಲ್ಲಿ ಅದೇ ಕಂಪನಿ ಹಳ್ಳಿಗಾಡಿನ ಬಡ ಕುಟುಂಬಗಳ ಮಕ್ಕಳಿಗಾಗಿ ತಾಂತ್ರಿಕ ತರಬೇತಿ ಸಂಸ್ಥೆಯೊಂದನ್ನು ತೆರೆಯಿತು. 2021ರ ಜನವರಿಯಲ್ಲಿ ನಿರ್ದಿಷ್ಟ ಕೌಶಲ್ಯವುಳ್ಳ ಕೆಲಸಗಾರರನ್ನು ಜಪಾನಿಗೆ ಕಳಿಸುವ ಬಗ್ಗೆ ಎರಡೂ ಸರ್ಕಾರಗಳ ನಡುವೆ ಒಪ್ಪಂದವಾಯಿತು. ಹೀಗಾಗಿ ಜಪಾನಿ ಭಾಷೆ ಕಲಿತರೆ ಬದುಕು ಕಟ್ಟಿಕೊಳ್ಳಬಹುದು ಎಂಬ ಮಾತು ಬೆಂಗಳೂರು, ಹೈದರಾಬಾದುಗಳನ್ನು ದಾಟಿ ನಮ್ಮ ಕಡೆಗೂ ಬಂದಿದೆ. ಇಂಜಿನಿಯರಿಂಗ್ ಓದುವ ಮಕ್ಕಳಿರುವ ಮನೆಗಳಲ್ಲಿ, ಐಟಿಐ ಮುಗಿಸಿದ ಹುಡುಗರ ನಡುವೆ ಅದರ ಚರ್ಚೆ ಇದೆ. ಇದು ಸಂತೋಷದ ವಿಷಯವೇ. ಆದರೆ ಹೋಗುವ ಮೊದಲು, ಆ ದೇಶ ಪರದೇಶದ ವಿದ್ಯಾರ್ಥಿಯನ್ನು ಹೇಗೆ ಬರಮಾಡಿಕೊಳ್ಳುತ್ತದೆ, ಅದರಿಂದ ನಾವು ಕಲಿಯಬೇಕಾದದ್ದೇನು, ಕಲಿಯಬಾರದ್ದೇನು ಎಂದು ಒಮ್ಮೆ ಯೋಚಿಸುವುದು ಒಳ್ಳೆಯದು.

ಜಪಾನಿನ ವಿಶ್ವವಿದ್ಯಾಲಯಗಳು ಹೊರದೇಶದ ವಿಶ್ವವಿದ್ಯಾಲಯಗಳೊಂದಿಗೆ ವಿದ್ಯಾರ್ಥಿ ವಿನಿಮಯದ ಒಪ್ಪಂದ ಮಾಡಿಕೊಳ್ಳುತ್ತವೆ. ಅಲ್ಲಿಯ ವಿದ್ಯಾರ್ಥಿ ಇಲ್ಲಿಗೆ, ಇಲ್ಲಿಯ ವಿದ್ಯಾರ್ಥಿ ಅಲ್ಲಿಗೆ, ಒಂದು ಸೆಮಿಸ್ಟರ್ ಅಥವಾ ಒಂದು ವರ್ಷ. ಸಾಮಾನ್ಯವಾಗಿ ವಿದ್ಯಾರ್ಥಿ ತನ್ನ ಶುಲ್ಕವನ್ನು ತನ್ನ ವಿಶ್ವವಿದ್ಯಾಲಯಕ್ಕೇ ಕಟ್ಟುತ್ತಾನೆ, ಅಲ್ಲಿ ಬೇರೆ ಕಟ್ಟಬೇಕಿಲ್ಲ. ಅಲ್ಲಿ ಗಳಿಸಿದ ಅಂಕಗಳು ಇಲ್ಲಿಯ ಲೆಕ್ಕಕ್ಕೆ ಸೇರುತ್ತವೆ. ಹೋದ ಕೂಡಲೇ ಅವನಿಗೊಂದು ಪರೀಕ್ಷೆ. ಅವನನ್ನು ಹೊರಗಿಡಲು ನಡೆಸುವ ಪರೀಕ್ಷೆಯಲ್ಲ ಅದು. ಅವನಿಗೆ ಜಪಾನಿ ಎಷ್ಟು ಬರುತ್ತದೆಂದು ತಿಳಿದು ತಕ್ಕ ತರಗತಿಗೆ ಕೂರಿಸಲು ನಡೆಸುವಂಥದು. ಏನೂ ಬಾರದವನಿಗೆ ಮೊದಲ ತರಗತಿ. ಅಲ್ಲಿ 46 ಹಿರಾಗಾನ ಅಕ್ಷರಗಳು, 46 ಕತಾಕಾನ ಅಕ್ಷರಗಳು. ಆಮೇಲೆ ಕಾಂಜಿ ಎಂಬ ಚೀನೀ ಮೂಲದ ಚಿತ್ರಾಕ್ಷರಗಳು. ನಿತ್ಯ ಬಳಕೆಗೆಂದು ಸರ್ಕಾರ ಗುರುತಿಸಿರುವ ಕಾಂಜಿಗಳೇ 2136. ಒಂದು ವರ್ಷದಲ್ಲಿ ಇವೆಲ್ಲ ಮುಗಿಯುವುದಿಲ್ಲ. ಆದರೆ ಅಂಗಡಿಯಲ್ಲಿ ಕೇಳಲು, ವೈದ್ಯರಿಗೆ ಹೇಳಲು, ಪಕ್ಕದ ಮನೆಯವರೊಡನೆ ಹವಾಮಾನದ ಬಗ್ಗೆ ಎರಡು ಮಾತಾಡಲು ಬರುತ್ತದೆ.

ಕನ್ನಡದ ಮಕ್ಕಳಿಗೆ ಇಲ್ಲೊಂದು ಅನುಕೂಲವಿದೆ. ಇಂಗ್ಲಿಷ್ ಕಲಿಯುವಾಗ ನಾವು ವಾಕ್ಯವನ್ನು ತಿರುವಿ ಹಾಕಬೇಕು. ಜಪಾನಿಯಲ್ಲಿ ಆ ಕಷ್ಟವಿಲ್ಲ. 'ವತಾಶಿ ವಾ ಹೋನ್ ಓ ಯೋಮಿಮಸು' ಎಂದರೆ 'ನಾನು ಪುಸ್ತಕವನ್ನು ಓದುತ್ತೇನೆ'. ಪದಗಳು ನಿಂತ ಸಾಲು ಒಂದೇ. ಕ್ರಿಯಾಪದ ಕೊನೆಗೆ. ನಮ್ಮ 'ಅನ್ನು', 'ಗೆ', 'ಇಂದ' ಹೇಗೆ ಹೆಸರಿನ ಹಿಂದೆ ಅಂಟಿಕೊಳ್ಳುತ್ತವೋ ಹಾಗೆಯೇ ಅಲ್ಲಿಯ 'ಓ', 'ನಿ', 'ಕರಾ'. ಸುಸುಮು ಓನೊ ಎಂಬ ಜಪಾನಿ ವಿದ್ವಾಂಸರು ಇಂಥ ಹೋಲಿಕೆಗಳನ್ನು ಹಿಡಿದು ಜಪಾನಿಗೂ ತಮಿಳಿಗೂ ನಂಟಿದೆಯೆಂದು ವಾದಿಸಿದರು. ಹೆಚ್ಚಿನ ಭಾಷಾಶಾಸ್ತ್ರಜ್ಞರು ಅದನ್ನು ಒಪ್ಪಲಿಲ್ಲ. ನಂಟು ಇರಲಿ ಬಿಡಲಿ, ಕಲಿಯುವವನಿಗೆ ದಾರಿ ಸ್ವಲ್ಪ ಸಲೀಸು. ಇನ್ನು ಉರ್ದು ಬಲ್ಲವರಿಗೆ ಮತ್ತೊಂದು ಪರಿಚಯದ ಸಂಗತಿ ಸಿಗುತ್ತದೆ. 'ಆಪ್', 'ತುಮ್', 'ತೂ'ಗಳ ನಡುವಿನ ಅಂತರ ತಿಳಿದವರಿಗೆ ಜಪಾನಿಯ ಗೌರವ ರೂಪಗಳು ಪೂರ್ತಿ ಪರಕೀಯವೆನಿಸುವುದಿಲ್ಲ. ಯಾರ ಮುಂದೆ ಎಷ್ಟು ಬಾಗಬೇಕು ಎಂಬುದನ್ನು ಆ ಭಾಷೆ ಕ್ರಿಯಾಪದದಲ್ಲೇ ಹೇಳಿಬಿಡುತ್ತದೆ.

ನಮ್ಮ ಗಮನ ಸೆಳೆದದ್ದು ಇದಕ್ಕಿಂತ ಮುಖ್ಯವಾದ ಒಂದು ಭೇದ. ಜಪಾನಿನ ಮಕ್ಕಳು ಶಾಲೆಯಲ್ಲಿ ಓದುವ ತಮ್ಮ ಭಾಷೆಯ ಪಾಠಕ್ಕೆ 'ಕೊಕುಗೊ' ಎಂದು ಹೆಸರು. ನಾಡಿನ ಭಾಷೆ ಎಂದರ್ಥ. ಹೊರಗಿನವರಿಗೆ ಕಲಿಸುವ ಅದೇ ಭಾಷೆಗೆ 'ನಿಹೊಂಗೊ' ಎಂದು ಹೆಸರು. ಜಪಾನಿ ಭಾಷೆ ಎಂದರ್ಥ. ಭಾಷೆ ಒಂದೇ, ಪಾಠ ಎರಡು. ಪುಸ್ತಕ ಬೇರೆ, ಕ್ರಮ ಬೇರೆ, ಕಲಿಸಲು ತರಬೇತಿ ಪಡೆದ ಶಿಕ್ಷಕರೂ ಬೇರೆ. ಮನೆಯಲ್ಲಿ ಆಡುವ ಮಾತನ್ನೇ ಶಾಲೆಯಲ್ಲಿ ತಿದ್ದಿಕೊಳ್ಳುವ ಮಗುವಿಗೂ, ಆ ಮಾತನ್ನು ಮೊದಲ ಸಲ ಕೇಳುತ್ತಿರುವವನಿಗೂ ಒಂದೇ ಪುಸ್ತಕ ಕೊಡುವುದು ಅನ್ಯಾಯ ಎಂಬ ತಿಳಿವಳಿಕೆ ಇದರ ಹಿಂದಿದೆ. ಹೆಸರನ್ನು ಹೀಗೆ ಬೇರೆ ಮಾಡಿದ್ದರಲ್ಲಿ 'ನೀನು ನಮ್ಮವನಲ್ಲ' ಎಂಬ ಧ್ವನಿಯೂ ಇದೆಯೆಂದು ಅಲ್ಲಿಯವರೇ ಕೆಲವರು ಆಕ್ಷೇಪಿಸಿದ್ದಾರೆ. ಆ ಆಕ್ಷೇಪ ಇರಲಿ. ಕಲಿಸುವ ಕ್ರಮ ಬೇರೆಯಾಗಿರಬೇಕು ಎಂಬುದನ್ನಂತೂ ತಳ್ಳಿಹಾಕಲಾಗದು.

2019ರಲ್ಲಿ ಜಪಾನ್ ಇನ್ನೊಂದು ಹೆಜ್ಜೆ ಇಟ್ಟಿತು. ಜಪಾನಿ ಭಾಷಾ ಶಿಕ್ಷಣವನ್ನು ಉತ್ತೇಜಿಸುವ ಕಾನೂನೊಂದನ್ನು ಅಲ್ಲಿಯ ಸಂಸತ್ತು ಮಾಡಿತು. ಹೊರಗಿನಿಂದ ಬಂದವರಿಗೆ ಭಾಷೆ ಕಲಿಸುವಲ್ಲಿ ಸರ್ಕಾರಕ್ಕೆ, ಸ್ಥಳೀಯ ಆಡಳಿತಕ್ಕೆ, ಕೆಲಸ ಕೊಟ್ಟ ಧಣಿಗೆ ಹೊಣೆಯಿದೆ ಎಂದು ಅದು ಹೇಳಿತು. ಗಮನಿಸಿ, 'ಬಂದವನು ಕಲಿಯತಕ್ಕದ್ದು' ಎಂದು ಬಂದವನ ಮೇಲಷ್ಟೇ ಭಾರ ಹೊರಿಸಲಿಲ್ಲ. ಅದೇ ವರ್ಷ ಅಲ್ಲಿಯ ಶಿಕ್ಷಣ ಸಚಿವಾಲಯ ನಡೆಸಿದ ಸಮೀಕ್ಷೆಯಲ್ಲಿ ಸುಮಾರು 20 ಸಾವಿರ ವಿದೇಶಿ ಮಕ್ಕಳು ಶಾಲೆಗೆ ಹೋಗದಿರಬಹುದೆಂದು ತಿಳಿದುಬಂತು ಎನ್ನುವುದನ್ನೂ ಹೇಳಲೇಬೇಕು. ಕಡ್ಡಾಯ ಶಿಕ್ಷಣದ ಕಾನೂನು ಅಲ್ಲಿ ವಿದೇಶಿ ಮಕ್ಕಳಿಗೆ ಅನ್ವಯಿಸುವುದಿಲ್ಲ. ಆದ್ದರಿಂದ ಜಪಾನನ್ನು ಆದರ್ಶವೆಂದು ತಲೆಯ ಮೇಲೆ ಹೊತ್ತುಕೊಳ್ಳಬೇಕಾಗಿಲ್ಲ. ಆದರೆ ಹೊಣೆ ಯಾರದೆಂದು ಕಾನೂನಿನಲ್ಲಿ ಬರೆದುಕೊಂಡರಲ್ಲ, ಅದು ದೊಡ್ಡ ಮಾತು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಎಲ್ಲವನ್ನೂ ಇಂಗ್ಲಿಷಿನಲ್ಲೇ ಮುಗಿಸಿಬಿಟ್ಟರೆ ಇಷ್ಟೆಲ್ಲ ತಾಪತ್ರಯ ಏಕೆ? ಜಪಾನ್ ಅದನ್ನೂ ಮಾಡಿ ನೋಡಿದೆ. 2008ರಲ್ಲಿ ಮೂರು ಲಕ್ಷ ವಿದೇಶಿ ವಿದ್ಯಾರ್ಥಿಗಳನ್ನು ಬರಮಾಡಿಕೊಳ್ಳುವ ಯೋಜನೆ ಹಾಕಿತು. 2009ರಲ್ಲಿ 13 ವಿಶ್ವವಿದ್ಯಾಲಯಗಳನ್ನು ಆರಿಸಿ ಪೂರ್ತಿ ಇಂಗ್ಲಿಷಿನಲ್ಲೇ ಪದವಿ ಪಡೆಯುವ ಕೋರ್ಸುಗಳನ್ನು ತೆರೆಯಿತು. 2019ರ ಹೊತ್ತಿಗೆ ವಿದೇಶಿ ವಿದ್ಯಾರ್ಥಿಗಳ ಸಂಖ್ಯೆ 3 ಲಕ್ಷದ 12 ಸಾವಿರ ದಾಟಿತು. ಲೆಕ್ಕ ಸರಿಹೋಯಿತು. ಆದರೆ ಇಂಗ್ಲಿಷಿನಲ್ಲಷ್ಟೇ ಓದಿ ಬಂದವನು ಆ ನಾಡಿನಲ್ಲಿ ಇದ್ದನೇ? ಅವನು ಮನೆಯ ಕಟ್ಟೆಯ ಮೇಲೆ ಕೂತು ಎದ್ದುಹೋದ ಅತಿಥಿಯಂತೆ. ಅವನಿಗೆ ಚಹಾ ಸಿಕ್ಕಿತು, ಆದರೆ ಒಳಗೆ ಅಜ್ಜಿ ಏನು ಹೇಳಿ ನಕ್ಕಳೆಂದು ತಿಳಿಯಲಿಲ್ಲ. ಅಜ್ಜಿಗೂ ಅವನ ಊರಿನ ಸುದ್ದಿ ಕೇಳಲಾಗಲಿಲ್ಲ. ಇಬ್ಬರದೂ ಅಲ್ಲದ ಮೂರನೆಯ ಭಾಷೆಯಲ್ಲಿ ಪರೀಕ್ಷೆ ಬರೆಯಬಹುದು, ಲೆಕ್ಕಪತ್ರ ಇಡಬಹುದು. ಅಳುವವರಿಗೆ ಸಮಾಧಾನ ಹೇಳುವುದು ಕಷ್ಟ.

ಈ ವಿಚಾರದಲ್ಲಿ ನಮ್ಮ ಸೀಮೆಗೆ ಹೇಳಲು ತನ್ನದೇ ಕಥೆಗಳಿವೆ. ಶಹಾಪುರ ತಾಲೂಕಿನ ಗೋಗಿಯಲ್ಲಿ ಆದಿಲಶಾಹಿ ಮನೆತನದ ಮೊದಲ ಸುಲ್ತಾನರ ಸಮಾಧಿಗಳಿವೆ. ಆ ಮನೆತನದ ಮೂಲಪುರುಷ ಯೂಸುಫ್ ಹೊರನಾಡಿನಿಂದ ಬಂದವನು. ಅವನ ಆಸ್ಥಾನದ ಭಾಷೆ ಫಾರಸಿ. ಅವನ ಮೊಮ್ಮಗ ಮೊದಲನೆಯ ಇಬ್ರಾಹಿಂ 1534ರಲ್ಲಿ ಪಟ್ಟಕ್ಕೆ ಬಂದವನು, ಲೆಕ್ಕಪತ್ರಗಳನ್ನು ಫಾರಸಿಯಿಂದ ನಾಡಿನ ಮಾತಿಗೆ ತಿರುಗಿಸಿದನೆಂದು ಇತಿಹಾಸಕಾರ ಫರಿಶ್ತಾ ಬರೆದಿದ್ದಾನೆ. ಬಂದವರು ಮೂರನೆಯ ತಲೆಮಾರಿಗೆ ಮನೆಯ ಮಾತಿಗೆ ಬಾಗಿದರು. ನಾವು ಮನೆಯಲ್ಲಿ ಆಡುವ ದಖನಿಯೂ ಹೀಗೆಯೇ ಬಾಗಿ ಬೆಳೆದ ಭಾಷೆ. ಬೇಡ ಎನ್ನಲು ನಾವು ದಿನಕ್ಕೆ ಹತ್ತು ಸಲ ಬಳಸುವ 'ನಕೋ' ಮರಾಠಿಯಿಂದ ಬಂದದ್ದು. ಹಾಗೆ ಬಂದ ಶಬ್ದವನ್ನು ನಮ್ಮ ಮನೆಗಳಲ್ಲಿ ಯಾರೂ ಪರಕೀಯವೆಂದು ಎಣಿಸಿದ್ದಿಲ್ಲ.

ಸುರಪುರದಲ್ಲಿ ಟೇಲರ್ ಮಂಜಿಲ್ ಇದೆ. ಅದನ್ನು ಕಟ್ಟಿಸಿದ ಫಿಲಿಪ್ ಮೆಡೋಸ್ ಟೇಲರ್ 1808ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಹುಟ್ಟಿದವನು. ಹದಿನೈದರ ಹರೆಯದಲ್ಲಿ ಮುಂಬಯಿಗೆ ಬಂದು, ನಿಜಾಮನ ಸೈನ್ಯ ಸೇರಿ, ಹಿಂದೂಸ್ತಾನಿ, ಮರಾಠಿಗಳನ್ನು ಚೆನ್ನಾಗಿ ಕಲಿತ. 1841ರಲ್ಲಿ ಸುರಪುರಕ್ಕೆ ಬಂದು 1853ರವರೆಗೆ ಬಾಲರಾಜ ವೆಂಕಟಪ್ಪ ನಾಯಕನ ಹೆಸರಿನಲ್ಲಿ ಆಡಳಿತ ನೋಡಿದ. ಹುಡುಗ ಅವನನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದ. ಶಹಾಪುರದ ಬಳಿಯ ವಿಭೂತಿಹಳ್ಳಿಯ ಪ್ರಾಚೀನ ಕಲ್ಲುಸಾಲುಗಳನ್ನು ಲೋಕಕ್ಕೆ ಪರಿಚಯಿಸಿದವನೂ ಅವನೇ. ಇಷ್ಟು ಬೆರೆತ ಪರದೇಶಿ ಅಪರೂಪ. ಆದರೆ 1858ರಲ್ಲಿ ಅದೇ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದು, ಸೋತು, ಸೆರೆಯಾದ. ಸೆರೆಯಲ್ಲಿರುವಾಗಲೇ ಗುಂಡೇಟಿನಿಂದ ತೀರಿಕೊಂಡ. ಟೇಲರನಿಗೆ ದುಃಖವಾಯಿತು, ಅದನ್ನು ಅವನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಆ ದುಃಖ ನಿಜವಾದದ್ದೇ ಇರಬೇಕು. ಆದರೂ ನಾವು ಮರೆಯಬಾರದ ಪಾಠ ಇದು: ಒಬ್ಬರ ಭಾಷೆ ಕಲಿತ ಮಾತ್ರಕ್ಕೆ ಅವರಿಗೆ ನ್ಯಾಯ ಸಿಕ್ಕಂತಾಗುವುದಿಲ್ಲ. ಆಳಲೆಂದು ಭಾಷೆ ಕಲಿಯುವವರೂ ಉಂಟು. ಭಾಷೆ ಬಾಗಿಲು ತೆರೆಯುತ್ತದೆ. ಒಳಗೆ ಬಂದವನು ಏನು ಮಾಡುತ್ತಾನೆ ಎಂಬುದು ಬೇರೆಯೇ ಪ್ರಶ್ನೆ.

ಮೂರನೆಯ ಕಥೆ ನೇರವಾಗಿ ಜಪಾನಿಗೆ ಸೇರಿದ್ದು. ನಮ್ಮ ಈ ಮೂರೂ ಊರುಗಳು 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಸರ್ ಸಯ್ಯದ್ ಅಹ್ಮದ್ ಖಾನರ ಮೊಮ್ಮಗ ರಾಸ್ ಮಸೂದ್ ಆ ಸಂಸ್ಥಾನದ ಶಿಕ್ಷಣ ಇಲಾಖೆಯ ಮುಖ್ಯಸ್ಥರಾಗಿದ್ದಾಗ, 1922ರಲ್ಲಿ ಜಪಾನಿಗೆ ಹೋಗಿ ಅಲ್ಲಿಯ ಶಿಕ್ಷಣ ಪದ್ಧತಿಯನ್ನು ಕಣ್ಣಾರೆ ಕಂಡು ಬಂದರು. 1923ರಲ್ಲಿ ಅವರ ವರದಿ ಪುಸ್ತಕವಾಗಿ ಬಂತು. ಅವರು ಅಲ್ಲಿ ಕಂಡದ್ದೇನು? ಪಶ್ಚಿಮದ ವಿಜ್ಞಾನ, ವೈದ್ಯ, ಯಂತ್ರಶಾಸ್ತ್ರಗಳನ್ನೆಲ್ಲ ಜಪಾನೀಯರು ತಮ್ಮ ಭಾಷೆಯಲ್ಲೇ ಕಲಿಸುತ್ತಿದ್ದರು. ಅದು ತಾನಾಗಿ ಆದದ್ದಲ್ಲ. 1872ರಲ್ಲಿ ಮೋರಿ ಅರಿನೋರಿ ಎಂಬ ರಾಜತಂತ್ರಜ್ಞ, ಜಪಾನಿ ಭಾಷೆಯಿಂದ ಆಗುವುದಿಲ್ಲ, ಇಂಗ್ಲಿಷನ್ನೇ ತಂದುಕೊಳ್ಳೋಣ ಎಂದು ಯೋಚಿಸಿದ್ದ. ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷಗಳಲ್ಲಿ ದೊಡ್ಡ ಸಂಬಳದ ವಿದೇಶಿ ಪ್ರಾಧ್ಯಾಪಕರು ತಮ್ಮ ಭಾಷೆಗಳಲ್ಲೇ ಪಾಠ ಹೇಳುತ್ತಿದ್ದರು. ಒಂದು ತಲೆಮಾರು ಕಳೆಯುವಷ್ಟರಲ್ಲಿ ಅವರ ಜಾಗಕ್ಕೆ ಜಪಾನೀಯರೇ ಬಂದರು, ಪಾಠ ಜಪಾನಿಗೆ ತಿರುಗಿತು. ಹೈದರಾಬಾದಿನಲ್ಲೂ ಅಂಥದೇ ಪ್ರಯೋಗ ನಡೆದಿತ್ತು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಉರ್ದುವೇ ಮಾಧ್ಯಮ. ದಾರುಲ್ ತರ್ಜುಮಾ ಎಂಬ ಅನುವಾದ ಸಂಸ್ಥೆ ವೈದ್ಯ, ಇಂಜಿನಿಯರಿಂಗ್, ಕಾನೂನಿನ ಗ್ರಂಥಗಳನ್ನು ಉರ್ದುವಿಗೆ ತಂದಿತು. ಇಂಗ್ಲಿಷಿಲ್ಲದೆ ಭಾರತದ ಭಾಷೆಯಲ್ಲಿ ಉನ್ನತ ವಿದ್ಯೆ ಸಾಧ್ಯ ಎಂದು ತೋರಿಸಿದ ಆ ಸಾಧನೆಯ ಬಗ್ಗೆ ಉರ್ದು ಓದಿದ ನಮಗೆ ಹೆಮ್ಮೆಯಿದೆ.

ಆದರೆ ಹೆಮ್ಮೆ ನಿಜವನ್ನು ಮುಚ್ಚಬಾರದು. ಜಪಾನಿನಲ್ಲಿ ಜಪಾನಿ ಆಡುವ ಮಗುವಿಗೆ ಜಪಾನಿಯಲ್ಲಿ ಪಾಠ. ಹೈದರಾಬಾದಿನಲ್ಲಿ ಕನ್ನಡ, ತೆಲುಗು, ಮರಾಠಿ ಆಡುವ ಮಗುವಿಗೆ ಮೇಲಿನ ತರಗತಿಗಳಲ್ಲಿ ಉರ್ದುವಿನಲ್ಲಿ ಪಾಠ. ಸಂಸ್ಥಾನದ ಬಹುಪಾಲು ಜನರ ಮನೆಮಾತು ಉರ್ದುವಲ್ಲ. ಯಾದಗಿರಿಯ, ಸುರಪುರದ ಕನ್ನಡದ ಹುಡುಗ ತನ್ನ ನೆಲದಲ್ಲೇ ಪರದೇಶದ ವಿದ್ಯಾರ್ಥಿಯಂತೆ ಕೂರಬೇಕಾಯಿತು. ಅವನೇ ಮನೆಯವನು, ಆದರೂ ಅತಿಥಿಯ ಕಷ್ಟವೆಲ್ಲ ಅವನಿಗೆ, ಅತಿಥಿಗೆ ಸಿಗುವ ಮರ್ಯಾದೆ ಮಾತ್ರ ಇಲ್ಲ. ಮಾತೃಭಾಷೆಯಲ್ಲಿ ವಿದ್ಯೆ ಎಂಬ ತತ್ವವನ್ನು ಒಂದು ಭಾಷೆಗೆ ಅನ್ವಯಿಸಿ ಉಳಿದವಕ್ಕೆ ನಿರಾಕರಿಸಿದರೆ ಅದು ತತ್ವವಾಗಿ ಉಳಿಯುವುದಿಲ್ಲ. ಉರ್ದುವನ್ನು ಪ್ರೀತಿಸುವವರೇ ಈ ಮಾತನ್ನು ಮೊದಲು ಹೇಳಬೇಕು. 1948ರ ನಂತರ ಉಸ್ಮಾನಿಯಾದಿಂದ ಉರ್ದು ಹೊರಟುಹೋಗಿ ಆ ಜಾಗಕ್ಕೆ ಇಂಗ್ಲಿಷ್ ಬಂತು. ಒಂದು ಅನ್ಯಾಯ ಮುಗಿದ ಜಾಗದಲ್ಲಿ ಕನ್ನಡವೋ ತೆಲುಗೋ ಬಂದು ಕೂರಲಿಲ್ಲ ಎಂಬುದೂ ಯೋಚಿಸಬೇಕಾದ ಸಂಗತಿ.

ಜಪಾನ್ ಕೂಡ ಇದೇ ತಪ್ಪನ್ನು ಇನ್ನೂ ಕ್ರೂರವಾಗಿ ಮಾಡಿತು. 1910ರಿಂದ 1945ರವರೆಗೆ ಕೊರಿಯಾ ಅದರ ಹಿಡಿತದಲ್ಲಿತ್ತು. 1938ರಲ್ಲಿ ಅಲ್ಲಿಯ ಶಾಲೆಗಳಲ್ಲಿ ಕೊರಿಯನ್ ಭಾಷೆಯ ಕಡ್ಡಾಯ ಪಾಠ ನಿಂತಿತು, ಕೆಲವೇ ವರ್ಷಗಳಲ್ಲಿ ಪಾಠವೇ ಇಲ್ಲವಾಯಿತು. 1940ರಿಂದ ಜನರ ಹೆಸರುಗಳನ್ನೂ ಜಪಾನಿಗೆ ಬದಲಿಸುವ ಒತ್ತಾಯ ನಡೆಯಿತು. ಟೋಕಿಯೊದ ತರಗತಿಯಲ್ಲಿ ಅತಿಥಿಯ ಕೈಗೆ ಪ್ರೀತಿಯಿಂದ ಕೊಡುವ ಅದೇ ಅಕ್ಷರಗಳು ಅಲ್ಲಿ ಬೆತ್ತದ ಜೊತೆ ಬಂದವು.

ಈ ಎರಡೂ ಮುಖಗಳು ಒಂದೇ ಕಡೆ ಕಾಣುವ ಒಂದು ಘಟನೆಯಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943 ಮತ್ತು 1944ರಲ್ಲಿ, ಜಪಾನ್ ತಾನು ಆಕ್ರಮಿಸಿಕೊಂಡಿದ್ದ ಮಲಯಾ, ಇಂಡೋನೇಷ್ಯಾ, ಬರ್ಮಾ, ಫಿಲಿಪ್ಪೀನ್ಸ್ ಮೊದಲಾದ ನಾಡುಗಳಿಂದ ಸುಮಾರು ಇನ್ನೂರು ತರುಣರನ್ನು ವಿಶೇಷ ವಿದ್ಯಾರ್ಥಿಗಳೆಂದು ಕರೆಸಿಕೊಂಡಿತು. ತನ್ನ ಸಾಮ್ರಾಜ್ಯಕ್ಕೆ ನಿಷ್ಠರಾದ ಮುಂದಾಳುಗಳನ್ನು ತಯಾರು ಮಾಡುವುದು ಅದರ ಉದ್ದೇಶ. ಟೋಕಿಯೊದಲ್ಲಿ ಅವರಿಗೆ ಮೊದಲು ಜಪಾನಿ ಭಾಷೆ ಕಲಿಸಿ, ಆಮೇಲೆ ಬೇರೆ ಬೇರೆ ಊರುಗಳ ವಿದ್ಯಾಸಂಸ್ಥೆಗಳಿಗೆ ಕಳಿಸಿದರು. ಕೆಲವರು ಹಿರೋಶಿಮಾಕ್ಕೆ ಹೋದರು. 1945ರ ಆಗಸ್ಟ್ 6ರಂದು ಅಣುಬಾಂಬು ಬಿತ್ತು. ಮಲಯಾದ ನಿಕ್ ಯೂಸುಫ್, ಸಯ್ಯದ್ ಉಮರ್ ಎಂಬ ಇಬ್ಬರು ತರುಣರು ಅದರಿಂದ ಪ್ರಾಣ ಕಳೆದುಕೊಂಡರು. ಊರಿಗೆ ಹೊರಟಿದ್ದ ಸಯ್ಯದ್ ಉಮರ್ ದಾರಿಯಲ್ಲಿ ಕ್ಯೋಟೊದ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರ ಸಮಾಧಿ ಇಂದಿಗೂ ಕ್ಯೋಟೊದ ಎಂಕೋಜಿ ಬೌದ್ಧ ಮಂದಿರದ ಆವರಣದಲ್ಲಿದೆ, ಜನ ಅದನ್ನು ಕಾಪಾಡಿಕೊಂಡು ಬಂದಿದ್ದಾರೆ. ಬದುಕುಳಿದ ಅಬ್ದುಲ್ ರಜಾಕ್ ಊರಿಗೆ ಮರಳಿದರು. 1982ರಲ್ಲಿ ಮಲೇಷ್ಯಾ ಪೂರ್ವದತ್ತ ನೋಡುವ ನೀತಿಯನ್ನು ಸಾರಿ ತನ್ನ ಮಕ್ಕಳನ್ನು ಜಪಾನಿಗೆ ಓದಲು ಕಳಿಸತೊಡಗಿದಾಗ, ಆ ಮಕ್ಕಳಿಗೆ ಜಪಾನಿ ಕಲಿಸಲು ನಿಂತವರಲ್ಲಿ ಅವರೂ ಒಬ್ಬರು.

ಈ ಮನುಷ್ಯನ ಬಗ್ಗೆ ನಾವು ಎಷ್ಟೋ ಸಲ ಯೋಚಿಸಿದ್ದೇವೆ. ಆ ಭಾಷೆಯನ್ನು ಅವರಿಗೆ ಕೊಟ್ಟದ್ದು ಒಂದು ಸಾಮ್ರಾಜ್ಯ, ತನ್ನ ಸ್ವಾರ್ಥಕ್ಕೆ. ಗೆಳೆಯರು ಅಲ್ಲೇ ಮಣ್ಣಾದರು. ಅವರು ಆ ಭಾಷೆಯನ್ನು ಮರೆತುಬಿಡಬಹುದಾಗಿತ್ತು, ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ಅದನ್ನು ತಮ್ಮದಾಗಿ ಮಾಡಿಕೊಂಡು ಮುಂದಿನವರಿಗೆ ದಾಟಿಸಿದರು. ಕೊಟ್ಟವನ ಉದ್ದೇಶ ಭಾಷೆಗೆ ಕೊನೆಯವರೆಗೂ ಅಂಟಿಕೊಂಡಿರುವುದಿಲ್ಲ ಎಂದು ಇದರಿಂದ ಹೇಳಬಹುದು. ಹಾಗೆಂದು ಹೇರಿದವನ ಅಪರಾಧ ಕಡಿಮೆಯಾಗುವುದಿಲ್ಲ. ಹಿರಿಮೆ ಕಲಿತವನದು, ಹೇರಿದವನದಲ್ಲ.

ಹಾಗಾದರೆ ಕೊಟ್ಟ ಭಾಷೆ ಯಾವುದು, ಹೇರಿದ ಭಾಷೆ ಯಾವುದು ಎಂದು ಗುರುತಿಸುವುದು ಹೇಗೆ? ನಮಗೆ ಎರಡು ಗುರುತುಗಳು ಕಾಣುತ್ತವೆ. ಒಂದು, ಕಲಿತವನ ಸ್ವಂತ ಭಾಷೆ ಅವನ ಬಳಿ ಉಳಿಯಿತೇ? ಮನೆಯವನು ತನ್ನ ಮಾತು ಕಲಿಸುವಾಗ ಅತಿಥಿಯ ಮಾತಿಗೂ ಜಾಗ ಕೊಟ್ಟನೇ? ಜಪಾನಿನ ಒಂದು ಒಳ್ಳೆಯ ನೆನಪು ಇಲ್ಲಿದೆ. ಭೋಪಾಲಿನ ಮೌಲ್ವಿ ಬರಕತುಲ್ಲಾ 1909ರಲ್ಲಿ ಟೋಕಿಯೊದ ವಿದೇಶಿ ಭಾಷೆಗಳ ಶಾಲೆಯಲ್ಲಿ ಹಿಂದೂಸ್ತಾನಿ ಕಲಿಸುವ ಅಧ್ಯಾಪಕರಾದರು. ಅವರ ಸ್ವಾತಂತ್ರ್ಯದ ಚಟುವಟಿಕೆಗಳು ಬ್ರಿಟಿಷರಿಗೆ ಹಿಡಿಸದೆ 1914ರಲ್ಲಿ ಆ ಕೆಲಸ ಹೋಯಿತು. ಆದರೆ ಟೋಕಿಯೊದಲ್ಲೂ ಒಸಾಕಾದಲ್ಲೂ ಉರ್ದು, ಹಿಂದಿ ಪಾಠಗಳು ಇಂದಿಗೂ ಇವೆ. ವಿನಿಮಯ ಎಂಬ ಮಾತಿಗೆ ಅರ್ಥ ಬರುವುದು ಹೀಗೆ ಎರಡೂ ಕಡೆಯವರು ಕಲಿತಾಗ.

ಎರಡನೆಯ ಗುರುತು, ಮೊದಲು ಯಾವ ವಾಕ್ಯಗಳನ್ನು ಕಲಿಸಿದರು ಎಂಬುದು. ವಿಶ್ವವಿದ್ಯಾಲಯಕ್ಕೆ ಬಂದ ಪರದೇಶದ ವಿದ್ಯಾರ್ಥಿಗೆ 'ಇದು ಏನು', 'ಏಕೆ ಹೀಗೆ', 'ನನಗೆ ಹೀಗನಿಸುತ್ತದೆ' ಎಂದು ಹೇಳಲು ಕಲಿಸುತ್ತಾರೆ. ಕೂಲಿಗೆ ಬಂದವನ ಕಿವಿಗೆ ಮೊದಲು ಬೀಳುವುದು 'ಎತ್ತು', 'ಇಳಿಸು', 'ಬೇಗ'. ಅವನು ಮೊದಲು ಕಲಿಯುವ ಉತ್ತರ 'ಆಯ್ತು ಸಾಹೇಬ್ರೆ'. 1993ರಲ್ಲಿ ಜಪಾನ್ ಆರಂಭಿಸಿದ ತಾಂತ್ರಿಕ ತರಬೇತಿ ಯೋಜನೆಯಲ್ಲಿ, ಕೌಶಲ್ಯ ಕಲಿಸುವ ಹೆಸರಿನಲ್ಲಿ ಬಡ ದೇಶಗಳ ತರುಣರಿಂದ ಕಡಿಮೆ ಸಂಬಳಕ್ಕೆ ದುಡಿಸಿಕೊಂಡ ದೂರುಗಳು ಬಂದು ಬಂದು, 2024ರಲ್ಲಿ ಆ ಯೋಜನೆಯನ್ನೇ ಬದಲಿಸುವ ಕಾನೂನು ಮಾಡಬೇಕಾಯಿತು. ಒಂದೇ ದೇಶ, ಒಂದೇ ಭಾಷೆ. ಒಬ್ಬನಿಗೆ ಪ್ರಶ್ನೆ ಕೇಳುವಷ್ಟು ಭಾಷೆ, ಇನ್ನೊಬ್ಬನಿಗೆ ಅಪ್ಪಣೆ ತಿಳಿಯುವಷ್ಟು ಭಾಷೆ. ಜಪಾನಿಗೆ ಹೊರಟ ನಮ್ಮ ಮಕ್ಕಳ ತಂದೆತಾಯಿಗಳು ತರಗತಿಯ ಶುಲ್ಕವನ್ನಷ್ಟೇ ವಿಚಾರಿಸಬಾರದು. ಸಂಬಳ ಕಡಿಮೆ ಬಂದರೆ ಅದನ್ನು ಹೇಳಲು, ಮೈ ಹುಷಾರಿಲ್ಲವೆನ್ನಲು, ಒಪ್ಪಂದದ ಕಾಗದ ಓದಲು ಅಲ್ಲಿ ಕಲಿಸುತ್ತಾರೆಯೇ ಎಂದೂ ವಿಚಾರಿಸಬೇಕು. ದೂರು ಹೇಳಲು ಬರುವವರೆಗೂ ಭಾಷೆ ಬಂತೆಂದು ಅರ್ಥವಲ್ಲ.

ಈಗ ನಮ್ಮ ಮನೆಯ ಮಾತಿಗೆ ಬರೋಣ. ಯಾದಗಿರಿ ಜಿಲ್ಲೆ ಹೊರಗೆ ಜನರನ್ನು ಕಳಿಸುವ ಜಿಲ್ಲೆ. ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವವರು ಬೆಂಗಳೂರು, ಪುಣೆ, ಮುಂಬಯಿಗಳ ಕಟ್ಟಡಗಳ ಬುಡದಲ್ಲಿ ತಗಡಿನ ಶೆಡ್ಡಿನಲ್ಲಿರುತ್ತಾರೆ. ಅವರ ಮಕ್ಕಳು ಅಲ್ಲಿ ಶಾಲೆಗೆ ಹೋದರೆ ಕಿವಿಗೆ ಬೀಳುವುದು ಮರಾಠಿ. ಬೆಂಗಳೂರಿಗೆ ಹೋದವರಿಗೆ ಕನ್ನಡವೇ, ಆದರೆ ನಮ್ಮ ಕನ್ನಡ ಕೇಳಿ ನಗುವವರು ಅಲ್ಲಿದ್ದಾರೆ. ಹಾಗೆಯೇ ನಮ್ಮ ಜಿಲ್ಲೆಗೆ ಬರುವವರೂ ಇದ್ದಾರೆ. ನಾರಾಯಣಪುರದಿಂದ ಕೃಷ್ಣೆಯ ನೀರು ಕಾಲುವೆಗೆ ಹರಿದ ಮೇಲೆ ಆಂಧ್ರದ ರೈತರು ಬಂದು ಕ್ಯಾಂಪುಗಳಲ್ಲಿ ನೆಲೆಸಿದರು. ಯಾದಗಿರಿಯ ಹತ್ತಿರದ ಕಡೇಚೂರು ಕೈಗಾರಿಕಾ ಪ್ರದೇಶಕ್ಕೂ, ರಸ್ತೆ, ಕಟ್ಟಡದ ಕೆಲಸಗಳಿಗೂ ಉತ್ತರದ ತರುಣರು ಬರುತ್ತಾರೆ. ಇನ್ನು ಎಲ್ಲಿಂದಲೂ ಬರದೆ ಇಲ್ಲೇ ಹುಟ್ಟಿ, ಕನ್ನಡವನ್ನು ಶಾಲೆಯಲ್ಲೇ ಮೊದಲು ಕಲಿಯುವ ಮಕ್ಕಳೂ ಇದ್ದಾರೆ. ತಾಂಡಾದ ಲಂಬಾಣಿ ಮಗು, ದಖನಿ ಆಡುವ ನಮ್ಮ ಓಣಿಯ ಮಗು.

ಇವರೆಲ್ಲರ ಕೈಗೆ ನಾವು ಕೊಡುವುದು ಬಹುಮಟ್ಟಿಗೆ ಕನ್ನಡದ 'ಕೊಕುಗೊ'. ಇವರಿಗೆ ಬೇಕಿರುವುದು 'ನಿಹೊಂಗೊ'. ಮನೆಯಲ್ಲಿ ಕನ್ನಡವಿದೆ ಎಂದು ಭಾವಿಸಿ ಬರೆದ ಪುಸ್ತಕವನ್ನು ಮನೆಯಲ್ಲಿ ಕನ್ನಡವಿಲ್ಲದ ಮಗುವಿನ ಮುಂದಿಟ್ಟು, ಅದು ತಡವರಿಸಿದಾಗ ದಡ್ಡ ಎನ್ನುತ್ತೇವೆ. ತಾಂಡಾದ ಮಗು ಎರಡು ವರ್ಷ ಸುಮ್ಮನೆ ಕೂರುತ್ತದೆ. ಉರ್ದು ಶಾಲೆಯ ಮಗು ಕನ್ನಡವನ್ನು ಎರಡನೆಯ ಅಥವಾ ಮೂರನೆಯ ಭಾಷೆಯಾಗಿ ಅಂಕಗಳಿಗೆಂದು ಓದಿ ಮುಗಿಸುತ್ತದೆ. ತಹಶೀಲ್ದಾರ್ ಕಚೇರಿಯಲ್ಲಿ ಒಂದು ಅರ್ಜಿ ಬರೆಯಲು ಮಾತ್ರ ಅದಕ್ಕೆ ಬರುವುದಿಲ್ಲ. ಕಾನೂನುಗಳು ನಮ್ಮಲ್ಲೂ ಇವೆ. ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಬೇಕೆಂದು ಸಂವಿಧಾನದ 350ಎ ವಿಧಿ 1956ರಿಂದ ಹೇಳುತ್ತಿದೆ. ಎಲ್ಲ ಶಾಲೆಗಳಲ್ಲೂ ಕನ್ನಡ ಕಲಿಸಬೇಕೆಂದು ರಾಜ್ಯದ 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಹೇಳುತ್ತದೆ. ಎರಡೂ ನ್ಯಾಯವೇ, ಒಂದಕ್ಕೊಂದು ವಿರೋಧವೂ ಅಲ್ಲ. ನಡುವೆ ಇಲ್ಲದಿರುವುದು ಬಾರದವರಿಗೆ ಕನ್ನಡ ಕಲಿಸುವ ವಿದ್ಯೆ, ಅದನ್ನು ಬಲ್ಲ ಮೇಷ್ಟ್ರು.

ಆ ವಿದ್ಯೆ ನಮ್ಮ ರಾಜ್ಯಕ್ಕೆ ತಿಳಿಯದ್ದೇನಲ್ಲ. 1969ರಲ್ಲಿ ಮೈಸೂರಿನಲ್ಲಿ ಆರಂಭವಾದ ಭಾರತೀಯ ಭಾಷಾ ಸಂಸ್ಥಾನದ ಆಶ್ರಯದಲ್ಲಿ ಪ್ರಾದೇಶಿಕ ಭಾಷಾ ಕೇಂದ್ರವೊಂದಿದೆ. ಬೇರೆ ರಾಜ್ಯಗಳ ಶಿಕ್ಷಕರು ಅಲ್ಲಿಗೆ ಬಂದು ಹತ್ತು ತಿಂಗಳು ನಿಂತು ಕನ್ನಡ ಅಥವಾ ಬೇರೆ ದ್ರಾವಿಡ ಭಾಷೆಯೊಂದನ್ನು ಕಲಿಯುತ್ತಾರೆ. ಏನೂ ಬಾರದೆ ಬಂದವರು ಓದಿ ಬರೆಯುವಂತಾಗಿ ಹೋಗುತ್ತಾರೆ. ಕ್ರಮವಿದೆ, ಪುಸ್ತಕಗಳಿವೆ, ಅನುಭವವಿದೆ. ಮೈಸೂರಿನಲ್ಲಿ ದೊಡ್ಡವರಿಗೆ ಸಾಧ್ಯವಾದದ್ದನ್ನು ಯಾದಗಿರಿಯ ಮಕ್ಕಳವರೆಗೆ ತರುವುದು ಅಸಾಧ್ಯವಾಗಬೇಕಿಲ್ಲ.

'ನಮಗೆ ಯಾರು ಕಲಿಸಿದರು? ನಾವೇ ಕಲಿತೆವಲ್ಲ' ಎನ್ನುವವರಿದ್ದಾರೆ. ನಿಜ, ಸಂತೆಯಲ್ಲಿ, ಗಲ್ಲಿಯಲ್ಲಿ, ದುಡಿಯುವ ಜಾಗದಲ್ಲಿ ಮನುಷ್ಯ ಕಲಿಯುತ್ತಾನೆ. ಆದರೆ ಹಾಗೆ ಕಲಿತವರನ್ನು ನಾವು ನೋಳುತ್ತೇವೆ, ಕಲಿಯಲಾಗದೆ ಹಿಂದೆ ಉಳಿದವರು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಬಂದವನಿಗೆ ಕಲಿಯುವ ಹೊಣೆಯಿಲ್ಲ ಎಂದು ನಾವು ಹೇಳುತ್ತಿಲ್ಲ. ಹತ್ತು ವರ್ಷ ಒಂದು ಊರಿನ ಅನ್ನ ಉಂಡು ಅದರ ಮಾತನ್ನು ಕಲಿಯದೇ ಇರುವುದು ಸೊಕ್ಕು. ಉರ್ದು ಆಡುವ ನಾವು ಕನ್ನಡವನ್ನು ಪರರ ಭಾಷೆಯೆಂದು ದೂರವಿಡುವುದೂ ಅಷ್ಟೇ ತಪ್ಪು, ಅದು ನಾವು ಹುಟ್ಟಿದ ನೆಲದ ಭಾಷೆ. ಆದರೆ ಎರಡು ಹೊಣೆಗಳಲ್ಲಿ ಮೊದಲನೆಯದು ಯಾರದು ಎಂದರೆ, ಬಾಗಿಲು ಯಾರ ಕೈಯಲ್ಲಿದೆಯೋ ಅವರದು. ಬಲ ಇರುವವನು ಮೊದಲು ಕೈ ಚಾಚಬೇಕು. ಭಾಷೆ ಬಾರದವನು ಕಲಿಸಿ ಎಂದು ಕೇಳಲೂ ಭಾಷೆ ಬೇಕಲ್ಲವೇ?

ಜಪಾನಿ ಭಾಷೆಯಲ್ಲಿ ಪರದೇಶಕ್ಕೆ ಹೋಗಿ ಓದುವವನಿಗೆ 'ರ್ಯೂಗಾಕುಸೇ' ಎನ್ನುತ್ತಾರೆ. ನಿಂತು ಕಲಿಯುವವನು ಎಂದು ಆ ಅಕ್ಷರಗಳ ಅರ್ಥ. ಉರ್ದುವಿನ 'ತಾಲಿಬೆ ಇಲ್ಮ್' ಎಂದರೆ ವಿದ್ಯೆಯನ್ನು ಬೇಡುವವನು. ಕನ್ನಡದ 'ವಿದ್ಯಾರ್ಥಿ'ಗೂ ಅದೇ ಅರ್ಥ. ಬೇಡಿ ಬಂದವನ ಜೋಳಿಗೆಗೆ ಏನನ್ನಾದರೂ ಹಾಕಿ ಕಳಿಸುವುದು ನಮ್ಮ ಸೀಮೆಯ ರೂಢಿ. ಜಪಾನಿಗೆ ಹೋಗುವ ನಮ್ಮ ಮಕ್ಕಳ ಜೋಳಿಗೆಗೆ ಅಲ್ಲಿಯವರು ಒಳ್ಳೆಯ ಮಾತನ್ನು ಹಾಕಲಿ ಎಂದು ನಾವು ಬಯಸುತ್ತೇವೆ. ಅಷ್ಟೇ ಆಸೆ ಹೊತ್ತು ತಾಂಡಾದಿಂದ, ಓಣಿಯಿಂದ, ಬೇರೆ ರಾಜ್ಯದಿಂದ ನಮ್ಮ ಬಾಗಿಲಿಗೆ ಬಂದ ಮಗುವಿಗೆ ನಾವೇನು ಹಾಕುತ್ತೇವೆ ಎಂಬುದನ್ನು ಈ ಜಿಲ್ಲೆಯ ಮೇಷ್ಟ್ರುಗಳು, ತಂದೆತಾಯಿಗಳು, ಕೆಲಸ ಕೊಡುವ ಧಣಿಗಳು ಕೂತು ಯೋಚಿಸಲಿ. ಈ ವರ್ಷ ಒಂದು ಊರಿನಲ್ಲಿ, ಸಂಜೆ ಒಂದು ಗಂಟೆ, ಕನ್ನಡ ಬಾರದವರಿಗಾಗಿ ಒಂದು ಕನ್ನಡ ತರಗತಿ ಆರಂಭವಾದರೂ ಸಾಕು, ಅಲ್ಲಿಂದ ಮುಂದಿನ ದಾರಿ ಕಾಣುತ್ತದೆ.